ಮಿಲ್ ಇದ್ದ ಜಾಗಕ್ಕೆ ಮಾಲ್ ಬಂದ ಕಥೆ

ಮೆಜೆಸ್ಟಿಕ್ ಬಿಟ್ಟ ಬಸ್ಸು ಬಿನ್ನಿಪೇಟೆ ಕಡೆ ತಿರುಗಿದರೆ ಕಂಡಕ್ಟರ್ ಈಗಲೂ ಕೂಗುತ್ತಾರೆ: "ಬಿನ್ನಿ ಮಿಲ್ ಇಳಿಯೋರು ಮುಂದೆ ಬನ್ನಿ." ಇಳಿದು ಸುತ್ತ ನೋಡಿದರೆ ಮಿಲ್ ಎಲ್ಲಿದೆ? ಕತ್ತೆತ್ತಿ ನೋಡುವಷ್ಟು ಎತ್ತರದ ಅಪಾರ್ಟ್‌ಮೆಂಟ್‌ಗಳು, ಅವುಗಳ ಪಕ್ಕ ಒಂದು ಮಾಲ್. ಸ್ಟಾಪಿನ ಹೆಸರು ಮಾತ್ರ ಹಳೇದೇ.

ಬೆಂಗಳೂರಿನ ಮಾಲ್‌ಗಳ ಕಥೆ ಹೇಳುವವರೆಲ್ಲ 2004ರಿಂದ, ಕೋರಮಂಗಲದ ಫೋರಂನಿಂದ ಶುರು ಮಾಡುತ್ತಾರೆ. ತಪ್ಪೇನಿಲ್ಲ. ಆದರೆ ನಾನು ಊರಿನ ಪಶ್ಚಿಮದ ಕಡೆಯವನು. ಮಲ್ಲೇಶ್ವರ, ಶ್ರೀರಾಂಪುರ, ರಾಜಾಜಿನಗರ, ಬಿನ್ನಿಪೇಟೆ ಕಡೆ ನಿಂತು ನೋಡಿದರೆ ಈ ಕಥೆ ಅದಕ್ಕಿಂತ 120 ವರ್ಷ ಹಿಂದೆಯೇ, ಒಂದು ಸೈರನ್ ಸದ್ದಿನಿಂದ ಶುರುವಾಗುತ್ತದೆ.

1884ರಲ್ಲಿ ಬೆಂಗಳೂರು ವೂಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಶುರುವಾಯಿತು. ಮುಂದೆ ಇದರ ಆಡಳಿತ ಮದ್ರಾಸಿನ ಬಿನ್ನಿ ಕಂಪನಿ ಕೈಗೆ ಹೋಯಿತು. ಅಷ್ಟು ಉದ್ದದ ಹೆಸರು ಯಾರ ಬಾಯಿಗೆ ಹತ್ತುತ್ತೆ? ಜನ ಬಿನ್ನಿ ಮಿಲ್ ಅಂದರು, ಸುತ್ತಲಿನ ಜಾಗ ಬಿನ್ನಿಪೇಟೆ ಆಯಿತು. ಅದೇ ಕಾಲಕ್ಕೆ ಮಲ್ಲೇಶ್ವರದ ತಗ್ಗಿನಲ್ಲಿ ಇನ್ನೊಂದು ಬಟ್ಟೆ ಮಿಲ್ ಎದ್ದಿತು. ಹಳಬರ ಬಾಯಲ್ಲಿ ಅದು ರಾಜಾ ಮಿಲ್. ಆಮೇಲೆ ಗೋಪಾಲಪುರದ ಹತ್ತಿರ ಮಿನರ್ವ ಮಿಲ್ಸ್ ಬಂತು. (ಜೆ.ಸಿ. ರಸ್ತೆ ತುದಿಯ ಮಿನರ್ವ ಸರ್ಕಲ್‌ಗೂ ಇದಕ್ಕೂ ಸಂಬಂಧ ಇಲ್ಲ. ಆ ಹೆಸರು ಬಂದಿದ್ದು ಅಲ್ಲಿದ್ದ ಟಾಕೀಸಿನಿಂದ. ಆಟೋದವರ ಹತ್ತಿರ "ಮಿನರ್ವ" ಅಂತಷ್ಟೇ ಹೇಳಿ ಊರಿನ ಇನ್ನೊಂದು ಮೂಲೆಗೆ ಹೋಗಿ ಇಳಿದವರನ್ನು ನಾನು ಕಂಡಿದ್ದೇನೆ.)

ಮೂರೂ ಯಾಕೆ ಇದೇ ದಿಕ್ಕಿಗೆ ಬಂದವು? ರೈಲು. ಮೈಸೂರಿನ ದಾರಿ, ತುಮಕೂರಿನ ದಾರಿ ಎರಡೂ 1880ರ ದಶಕದಲ್ಲೇ ಬಂದಿದ್ದವು. ಹತ್ತಿ ಬರಬೇಕು, ಬಟ್ಟೆ ಹೋಗಬೇಕು. ಹಳಿ ಪಕ್ಕದಲ್ಲಿ ವಿಶಾಲವಾದ ಜಾಗ ಅಗ್ಗಕ್ಕೆ ಸಿಗುತ್ತಿತ್ತು. ಮಿಲ್ ಬಂದ ಮೇಲೆ ಕೆಲಸಗಾರರ ಮನೆಗಳು, ಮನೆಗಳ ಹಿಂದೆಯೇ ಅಂಗಡಿ, ಗುಡಿ, ಹೋಟೆಲ್, ಯೂನಿಯನ್ ಆಫೀಸು ಬಂದವು.

ನಮ್ಮ ದೊಡ್ಡಪ್ಪ ಇಂಥದ್ದೇ ಒಂದು ಮಿಲ್ಲಿನಲ್ಲಿ ನೂಲುವ ವಿಭಾಗದಲ್ಲಿದ್ದರು. ಮೊದಲು ಬದ್ಲಿ ಕೆಲಸಗಾರ. ಅಂದರೆ ದಿನಾ ಗೇಟಿನ ಹತ್ತಿರ ಹೋಗಿ ನಿಲ್ಲಬೇಕು, ಯಾರಾದರೂ ರಜೆ ಹಾಕಿದ್ದರೆ ಆವತ್ತು ಕೆಲಸ, ಇಲ್ಲದಿದ್ದರೆ ವಾಪಸ್ ಮನೆಗೆ. ಕಾಯಂ ಆದ ಮೇಲೆ ಮೂರು ಪಾಳಿ. ರಾತ್ರಿ ಪಾಳಿ ಮುಗಿಸಿ ಬಂದರೆ ತಲೆ, ಹುಬ್ಬು, ಕಿವಿಯ ಸಂದಿಯಲ್ಲೆಲ್ಲ ಬಿಳಿ ಹತ್ತಿ ಎಳೆ. ದೊಡ್ಡಮ್ಮ ಬಾಗಿಲಲ್ಲೇ ನಿಲ್ಲಿಸಿ ಟವೆಲ್‌ನಿಂದ ಒದರಿ ಒಳಗೆ ಬಿಡುತ್ತಿದ್ದರು. ಸಂಬಳದ ದಿನ ಗೇಟಿನ ಹೊರಗೆ ಒಂದು ಸಂತೆಯೇ ನೆರೆಯುತ್ತಿತ್ತಂತೆ. ಬೋಂಡದವರು, ಹೂವಿನವರು, ಕಂತಿನ ಮೇಲೆ ಸೀರೆ ಕೊಡುವವರು, ಇವರೆಲ್ಲರ ಹಿಂದೆ ಗೋಡೆಗೆ ಒರಗಿ ನಿಂತ ಬಡ್ಡಿ ಸಾಲದವರು. ನನ್ನ ಪ್ರಕಾರ ನಮ್ಮ ಕಡೆಯ ಮೊದಲ ಶಾಪಿಂಗ್ ಸೆಂಟರ್ ಅದೇ!

ಈ ಮೂರರಲ್ಲಿ ಮಿನರ್ವ ಮಿಲ್ಸ್‌ನ ಹೆಸರು ದೇಶದ ಪ್ರತಿ ಕಾನೂನು ವಿದ್ಯಾರ್ಥಿಗೂ ಗೊತ್ತು. ಮಿಲ್ ಸರಿಯಾಗಿ ನಡೆಯುತ್ತಿಲ್ಲ ಅಂತ ಕೇಂದ್ರ ಸರ್ಕಾರ 1971ರಲ್ಲಿ ಆಡಳಿತ ವಹಿಸಿಕೊಂಡಿತು. 1974ರ ಕಾಯ್ದೆಯಡಿ ರಾಷ್ಟ್ರೀಕರಣವೂ ಆಯಿತು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. ಅಷ್ಟರಲ್ಲಿ ತುರ್ತು ಪರಿಸ್ಥಿತಿ ಬಂದು, ಸಂವಿಧಾನದ 42ನೇ ತಿದ್ದುಪಡಿಯೂ ಆಗಿತ್ತು. ಸಂಸತ್ತು ಮಾಡುವ ಸಂವಿಧಾನ ತಿದ್ದುಪಡಿಯನ್ನು ಯಾವ ಕೋರ್ಟೂ ಪ್ರಶ್ನಿಸುವಂತಿಲ್ಲ ಎಂದು ಅದರಲ್ಲಿ ಬರೆದಿತ್ತು. ಮಾಲೀಕರ ಪರ ನಾನಿ ಪಾಲ್ಖಿವಾಲಾ ವಾದ ಮಾಡಿದರು. 1980ರಲ್ಲಿ ಕೋರ್ಟ್ ಆ ಭಾಗವನ್ನು ಹೊಡೆದುಹಾಕಿತು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಮುಟ್ಟುವಂತಿಲ್ಲ ಎಂಬ ಮಾತು ಗಟ್ಟಿಯಾಯಿತು. ಮಿಲ್ ಮಾತ್ರ ಮಾಲೀಕರಿಗೆ ವಾಪಸ್ ಸಿಗಲಿಲ್ಲ. ರಾಷ್ಟ್ರೀಕರಣ ಸರಿಯಾಗೇ ಇದೆ ಅಂತ ಅದೇ ಕೋರ್ಟ್ 1986ರಲ್ಲಿ ಹೇಳಿತು.

ಇಷ್ಟು ದೊಡ್ಡ ತೀರ್ಪು ಹುಟ್ಟಿಸಿದ ಜಾಗದಲ್ಲಿ ಇವತ್ತು ಏನಿದೆ ಗೊತ್ತಾ? ಲುಲು ಮಾಲ್. 2021ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಕೆಳಗೆ ಹೈಪರ್‌ಮಾರ್ಕೆಟ್, ಮೇಲೆ ಮಕ್ಕಳ ಆಟ.

ಮಿಲ್‌ಗಳು ಯಾಕೆ ಮುಳುಗಿದವು ಅನ್ನುವುದಕ್ಕೆ ಒಂದೇ ಕಾರಣ ಹೇಳಲಾಗದು. ಯಂತ್ರಗಳು ಹಳೆಯವು. ಪವರ್‌ಲೂಮ್‌ನವರು ಅದೇ ಬಟ್ಟೆಯನ್ನು ಅರ್ಧ ಕೂಲಿಗೆ ನೇಯುತ್ತಿದ್ದರು. 1985ರ ಜವಳಿ ನೀತಿ ಅವರಿಗೆ ಇನ್ನಷ್ಟು ಬಲ ಕೊಟ್ಟಿತು. ಜನರ ಉಡುಪು ಹತ್ತಿಯಿಂದ ಪಾಲಿಯೆಸ್ಟರ್‌ಗೆ ತಿರುಗಿತು. ನಷ್ಟದ ಮಿಲ್‌ಗಳನ್ನು ತೆಗೆದುಕೊಂಡಿದ್ದ ರಾಷ್ಟ್ರೀಯ ಜವಳಿ ನಿಗಮ ಕೊನೆಗೆ ಕೆಲಸಗಾರರಿಗೆ ಸ್ವಯಂ ನಿವೃತ್ತಿ (ವಿಆರ್‌ಎಸ್) ಕೊಟ್ಟು, ಮುಚ್ಚಿದ ಮಿಲ್‌ಗಳ ಜಾಗ ಮಾರಿ ಸಾಲ ತೀರಿಸುವ ದಾರಿ ಹಿಡಿಯಿತು. ಒಳಗಿನ ಯಂತ್ರ ಗುಜರಿ ಸೇರಿದರೂ ಕೆಳಗಿನ ನೆಲಕ್ಕೆ ಚಿನ್ನದ ಬೆಲೆ ಬಂದಿತ್ತು. ಹೊತ್ತು ನೋಡಿ: ಒಂದು ಕಡೆ ಮಿಲ್ ಮುಚ್ಚುತ್ತಿವೆ, ಇನ್ನೊಂದು ಕಡೆ ಐಟಿ ಸಂಬಳ ಕೈಗೆ ಬರುತ್ತಿದೆ.

ಈಗ ಕೋರಮಂಗಲಕ್ಕೆ ಬರೋಣ. ಅದಕ್ಕೂ ಮೊದಲು ದೊಡ್ಡ ಅಂಗಡಿಗಳೇ ಇರಲಿಲ್ಲ ಅಂತಲ್ಲ. ಎಂ.ಜಿ. ರಸ್ತೆಯ ಕಿಡ್ಸ್ ಕೆಂಪ್ ನೆನಪಿದೆಯಾ? ವೇಷ ಹಾಕಿದ ಮನುಷ್ಯರು ಬಾಗಿಲಲ್ಲಿ ನಿಂತು ಮಕ್ಕಳ ಕೈ ಕುಲುಕುತ್ತಿದ್ದರು. ಅದೇ ಮಾಲೀಕರು ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ಕೋಟೆ ಥರದ ಕೆಂಪ್ ಫೋರ್ಟ್ ಕಟ್ಟಿದರು. ಹಿಂದೆ ಎತ್ತರದ ಶಿವನ ಮೂರ್ತಿ. ದರ್ಶನ, ಶಾಪಿಂಗ್ ಎರಡೂ ಒಂದೇ ಟ್ರಿಪ್ಪಿನಲ್ಲಿ! ಆದರೆ ಅವೆಲ್ಲ ಒಬ್ಬರದೇ ಅಂಗಡಿಗಳು.

2004ರ ಫೋರಂ ಬೇರೆ ಲೆಕ್ಕ. ಪ್ರೆಸ್ಟೀಜ್‌ನವರು ಕಟ್ಟಿದ್ದು. ಒಂದೇ ಸೂರಿನಡಿ ಹತ್ತಾರು ಬ್ರ್ಯಾಂಡ್, ಪುಸ್ತಕದಂಗಡಿ, ಫುಡ್ ಕೋರ್ಟ್, ಅದರ ಮೇಲೆ 11 ಪರದೆಯ ಪಿವಿಆರ್. ಇಂಥ ಕಡೆ ಸಿನಿಮಾ, ಊಟ ಎರಡನ್ನೂ ಸುಮ್ನೆ ಮೇಲಿನ ಮಹಡಿಗೆ ಹಾಕುವುದಿಲ್ಲ. ಟಿಕೆಟ್ ತಗೊಂಡವರು ಮೂರು ಮಹಡಿ ಅಂಗಡಿ ದಾಟಿಯೇ ಹತ್ತಬೇಕು, ದಾಟಿಯೇ ಇಳಿಯಬೇಕು. ಒಳ್ಳೆಯ ಮಾಲ್‌ನವರು ಮಳಿಗೆಗಳನ್ನು ಮಾರುವುದಿಲ್ಲ, ಬಾಡಿಗೆಗೆ ಕೊಡುತ್ತಾರೆ. ಎಷ್ಟೋ ಕಡೆ ಬಾಡಿಗೆಯ ಜೊತೆ ವ್ಯಾಪಾರದಲ್ಲೂ ಪಾಲು. ಹಾಗಾಗಿ ಯಾವ ಅಂಗಡಿ ಎಲ್ಲಿರಬೇಕು ಎಂಬುದು ಅವರ ಕೈಯಲ್ಲೇ ಇರುತ್ತದೆ. ಮಳಿಗೆಗಳನ್ನು ಬಿಡಿಬಿಡಿಯಾಗಿ ಮಾರಿದ ಕಟ್ಟಡಗಳ ಪಾಡು ಬೇರೆ. ಒಬ್ಬರು ಷಟರ್ ಎಳೆದರೆ ಪಕ್ಕದವರೂ ಎಳೆಯುತ್ತಾರೆ. ಕೊನೆಗೆ ಉಳಿಯುವುದು ಜೆರಾಕ್ಸ್ ಅಂಗಡಿ, ಟ್ಯೂಷನ್ ಸೆಂಟರ್. ನಿಮ್ಮ ಏರಿಯಾದಲ್ಲೂ ಒಂದಿರಬೇಕು, ಅಲ್ವಾ?

ಫೋರಂ ಆಮೇಲೆ ಕೈ ಬದಲಾಯಿತು, ಬೋರ್ಡು ನೆಕ್ಸಸ್ ಆಯಿತು. ಆಟೋದವರಿಗೆ ಇನ್ನೂ ಫೋರಂ.

ಈ ಲೆಕ್ಕಾಚಾರಕ್ಕೆ ಒಂದೇ ಕಡೆ ಹತ್ತಾರು ಎಕರೆ ಬೇಕು, ಮುಖ್ಯರಸ್ತೆ ಹತ್ತಿರವೇ ಬೇಕು. 30×40, 40×60 ಸೈಟುಗಳಾಗಿ ಹಂಚಿಹೋದ ಮಲ್ಲೇಶ್ವರ, ರಾಜಾಜಿನಗರದಲ್ಲಿ ಅಂಥ ಜಾಗ ಎಲ್ಲಿಂದ ಬರಬೇಕು? ನೂರು ಮನೆಯವರನ್ನು ಒಪ್ಪಿಸಿ ಮಾಲ್ ಕಟ್ಟುವುದು ಆಗುವ ಮಾತಲ್ಲ. ಆದರೆ ಮುಚ್ಚಿದ ಒಂದು ಮಿಲ್, ಸ್ಥಳ ಬದಲಾಯಿಸಿದ ಒಂದು ಕಾರ್ಖಾನೆ ಇದ್ದರೆ ಸಾಕು. ಒಂದೇ ಕಾಂಪೌಂಡು, ಒಂದೇ ಪತ್ರ. ಹಳಿ ಪಕ್ಕದ ಬಯಲು ಅಂತ ನೂರು ವರ್ಷ ಹಿಂದೆ ಹಿಡಿದ ಜಾಗ ಈಗ ಊರಿನ ನಡುವೆ ಬಂದಿತ್ತು.

ಹಾಗಾಗಿ 2010ರಲ್ಲಿ ರಾಜಾ ಮಿಲ್ ಇದ್ದಲ್ಲಿ ಮಂತ್ರಿ ಸ್ಕ್ವೇರ್ ಎದ್ದಿತು. ಆಗ ದೇಶದ ದೊಡ್ಡ ಮಾಲ್‌ಗಳಲ್ಲಿ ಅದೂ ಒಂದು. 2012ರಲ್ಲಿ, ಕಿರ್ಲೋಸ್ಕರ್ ಕಾರ್ಖಾನೆ ಇದ್ದ ಸುಮಾರು 40 ಎಕರೆಯ ಬ್ರಿಗೇಡ್ ಗೇಟ್‌ವೇ ಸಂಕೀರ್ಣದ ಒಳಗೆ ಒರಾಯನ್ ಮಾಲ್ ಬಂತು. ಆಮೇಲೆ ಬಿನ್ನಿ ಮಿಲ್ ಜಾಗದಲ್ಲಿ ಇಟಿಎ, ಮಿನರ್ವ ಜಾಗದಲ್ಲಿ ಲುಲು. ನಾಲ್ಕೂ ಒಂದಕ್ಕೊಂದು ಕೆಲವೇ ಕಿಲೋಮೀಟರ್ ದೂರ.

ಮಂತ್ರಿ ಶುರುವಾದ ಹೊಸತರಲ್ಲಿ ನಾನು ಎಸ್ಕಲೇಟರ್ ಬುಡದಲ್ಲಿ ಎಷ್ಟೋ ಹೊತ್ತು ನಿಂತು ನೋಡಿದ್ದುಂಟು. ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಕೊತ್ತಂಬರಿ ಕಟ್ಟಿಗೆ ಗಟ್ಟಿಯಾಗಿ ಚೌಕಾಸಿ ಮಾಡುವ ಹೆಂಗಸರು ಇಲ್ಲಿ ಮೊದಲ ಮೆಟ್ಟಿಲ ಮುಂದೆ ಸುಮ್ಮನಾಗುತ್ತಿದ್ದರು. ಸೀರೆ ನೆರಿಗೆ ಒಂದು ಕೈಯಲ್ಲಿ, ಮಗಳ ಭುಜ ಇನ್ನೊಂದು ಕೈಯಲ್ಲಿ. ಒಂದು ಕಾಲು ಮುಂದಿಟ್ಟು ಹಿಂದೆ ತೆಗೆದು, ಮತ್ತೆ ಇಟ್ಟು. ಹತ್ತಿದ ಮೇಲೆ ಒಂದು ನಗು. ಯೂನಿಫಾರಂನ ಹುಡುಗಿಯೊಬ್ಬಳು "ಹೆದರ್ಬೇಡಿ ಆಂಟಿ, ಹಳದಿ ಗೆರೆ ತುಳೀಬೇಡಿ" ಅಂತ ಎಲ್ಲರಿಗೂ ಹೇಳುತ್ತಿದ್ದಳು. ಅವಳ ಇಡೀ ದಿನದ ಕೆಲಸ ಅಷ್ಟೇ ಅನಿಸುತ್ತಿತ್ತು.

2014ರ ಮಾರ್ಚ್ 1ರಂದು ಪೀಣ್ಯ ಕಡೆಯಿಂದ ಮೆಟ್ರೋ ಬಂತು. 2017ರವರೆಗೆ ಅದರ ಕೊನೆ ನಿಲ್ದಾಣ ಇಲ್ಲೇ. ಹೆಸರು ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ. ಸಂಪಿಗೆಗಿಂತ ಮಂತ್ರಿ ಮುಂದೆ! ಒಂದು ಕಾಲಕ್ಕೆ ಮಿಲ್‌ನಿಂದ ಪೇಟೆಗೆ ಹೆಸರು ಬಂದಿತ್ತು, ಈಗ ಮಾಲ್‌ನಿಂದ ಸ್ಟೇಷನ್ನಿಗೆ. ನನಗೆ ಸಂಪಿಗೆಯೊಂದೇ ಸಾಕಿತ್ತು.

ಮಾಲ್ ಬಾಳ್ವೆಯೂ ಸುಲಭದ್ದಲ್ಲ. 2017ರ ಜನವರಿಯಲ್ಲಿ ಮಂತ್ರಿಯ ಹಿಂಭಾಗದ ಗೋಡೆ ಕುಸಿದು ಕೆಲಕಾಲ ಬಾಗಿಲು ಹಾಕಿತ್ತು. ಆಸ್ತಿ ತೆರಿಗೆ ಬಾಕಿ ಅಂತ ಬಿಬಿಎಂಪಿಯವರು ಒಂದಕ್ಕಿಂತ ಹೆಚ್ಚು ಸಲ ಬೀಗ ಜಡಿದರು. ಬೀಗ ಬಿದ್ದ ಬೆಳಿಗ್ಗೆ ಹೊರಗೆ ನಿಲ್ಲುವವರು ಮಾತ್ರ ಬಾಡಿಗೆ ಕಟ್ಟುವ ಅಂಗಡಿಯವರು, ಸೇಲ್ಸ್ ಹುಡುಗ ಹುಡುಗಿಯರು.

ಊರಿನ ಬೇರೆ ಕಡೆ ಜಗಳದ ರೂಪ ಬೇರೆ. ಉತ್ತರದ ಬ್ಯಾಟರಾಯನಪುರದಲ್ಲಿ 2023ರಲ್ಲಿ ಶುರುವಾದ ಮಾಲ್ ಆಫ್ ಏಷ್ಯಾದ ಮುಂದೆ ಆ ವರ್ಷದ ಡಿಸೆಂಬರ್‌ನಲ್ಲಿ ಕನ್ನಡ ನಾಮಫಲಕಕ್ಕಾಗಿ ಕರವೇ ಹೋರಾಟ ನಡೆಯಿತು. ಅದೇ ಮಾಲ್‌ನ ಟ್ರಾಫಿಕ್ ವಿಷಯ ಹೈಕೋರ್ಟ್ ಮೆಟ್ಟಿಲು ಹತ್ತಿತು. ಬೋರ್ಡಿನಲ್ಲಿ ಶೇ. 60 ಕನ್ನಡ ಇರಲೇಬೇಕು ಎಂಬ ನಿಯಮವನ್ನು ಸರ್ಕಾರ 2024ರಲ್ಲಿ ಬಿಗಿ ಮಾಡಿತು.

ಆದರೆ ನಮ್ಮ ಕಡೆಯವರು ಮರೆಯದೇ ಇರುವುದು 2024ರ ಜುಲೈ. ಮಾಗಡಿ ರಸ್ತೆಯ ಜಿ.ಟಿ. ಮಾಲ್‌ಗೆ ಹಾವೇರಿ ಕಡೆಯ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡಲು ಬಂದಿದ್ದರು. ಪಂಚೆ ಉಟ್ಟಿದ್ದಾರೆ ಅಂತ ಬಾಗಿಲಲ್ಲೇ ತಡೆದರು. ವಿಡಿಯೋ ಊರೆಲ್ಲ ಹರಡಿತು. ಮರುದಿನ ಪಂಚೆ ಉಟ್ಟವರೇ ಬಂದು ಮಾಲ್ ಮುಂದೆ ಕೂತರು. ಮಾಲ್‌ನವರು ಆ ರೈತರನ್ನು ಕರೆಸಿ ಶಾಲು ಹೊದಿಸಿ ಕ್ಷಮೆ ಕೇಳಿದರು. ವಿಧಾನಸಭೆಯಲ್ಲೂ ಮಾತು ಬಂದು, ಏಳು ದಿನ ಮಾಲ್ ಮುಚ್ಚಿಸುವುದಾಗಿ ಸರ್ಕಾರ ಹೇಳಿತು. ನೂರು ವರ್ಷ ಪಂಚೆ, ಚಡ್ಡಿ, ಬನಿಯನ್‌ನವರು ಮೂರು ಪಾಳಿ ನಡೆದಾಡಿದ ರಸ್ತೆಯಪ್ಪಾ ಅದು. ಆ ಮಿಲ್‌ಗಳಲ್ಲಿ ನೇಯುತ್ತಿದ್ದುದೇ ಹತ್ತಿ ಬಟ್ಟೆ!

ಅದಾಗಿ ಒಂದೆರಡು ತಿಂಗಳಿಗೆ ದೊಡ್ಡಪ್ಪನನ್ನು ಕರೆದುಕೊಂಡು ಮಾಲ್‌ಗೆ ಹೋದೆ. ಯಾವುದು ಅನ್ನುವುದು ಬೇಡ, ಮಿಲ್ ಇದ್ದ ಜಾಗದ್ದೇ. ಎಂಬತ್ತು ದಾಟಿದೆ. ಇಸ್ತ್ರಿ ಮಾಡಿದ ಬಿಳಿ ಪಂಚೆ, ಅರ್ಧ ತೋಳಿನ ಅಂಗಿ. ನನಗೆ ಒಳಗೊಳಗೇ ಪುಕಪುಕ. ಬಾಗಿಲ ಸೆಕ್ಯುರಿಟಿ ಹುಡುಗ ಏನೂ ಅನ್ನಲಿಲ್ಲ. ಅವನು ಕೈಯಲ್ಲಿದ್ದ ಡಿಟೆಕ್ಟರ್ ಎತ್ತುವ ಮೊದಲೇ ದೊಡ್ಡಪ್ಪ ಎರಡೂ ಕೈ ಅಗಲಿಸಿ, ಕಾಲು ಸ್ವಲ್ಪ ದೂರ ಇಟ್ಟು, ಗಲ್ಲ ಎತ್ತಿ ನಿಂತುಬಿಟ್ಟರು. ಹುಡುಗನಿಗೆ ನಗು ಬಂತು.

"ಅಭ್ಯಾಸ ಕಣಪ್ಪ" ಅಂದರು ಅವನಿಗೆ. "ಪಾಳಿ ಬಿಟ್ಟಾಗ ಹಿಂಗೇ ನಿಲ್ಬೇಕಿತ್ತು. ನೂಲು ಕದ್ದು ತಗೊಂಡ್ ಹೋಗ್ತೀವಿ ಅಂತ ತಡವಿ ನೋಡೋರು. ನೀವು ಒಳಗೆ ಬರೋವಾಗ್ಲೇ ನೋಡ್ತೀರಲ್ಲೋ."

ಒಳಗೆ ಹೋದವರೇ ಒಂದು ಕ್ಷಣ ನಿಂತು, ಯಾವ ಕಡೆ ಉತ್ತರ ಅಂತ ಕೇಳಿದರು. ತೋರಿಸಿದೆ. ಹಾಗಾದರೆ ಕ್ಯಾಂಟೀನ್ ಅಲ್ಲಿತ್ತು ಅಂತ ಒಂದು ಶೂ ಅಂಗಡಿ ಕಡೆ ಬೆರಳು ಮಾಡಿದರು. ಆಮೇಲೆ ಎಸ್ಕಲೇಟರ್ ಬೇಡ ಅಂತ ಮೆಟ್ಟಿಲು ಹುಡುಕಿಕೊಂಡು ಹೊರಟರು.