ಎತ್ತರ ಗೊತ್ತಾಯ್ತು, ತಗ್ಗು ಎಲ್ಲಿದೆ ಹೇಳಿ

ದ್ರಾಕ್ಷಿ ತೋಟಕ್ಕೆ ಜಾಗದ ಸಲಹೆ ಕೇಳಿ ನನಗೆ ಫೋನ್ ಮಾಡಿದವರು ತಮ್ಮ ಹೆಸರಿಗಿಂತ ಮೊದಲು ಜಮೀನಿನ ಎತ್ತರ ಹೇಳುತ್ತಾರೆ. "ಸಾರ್, 1,400 ಮೀಟರ್. ವೈನ್ ದ್ರಾಕ್ಷಿಗೆ ಚೆನ್ನಾಗಿರುತ್ತೆ ಅಲ್ವಾ?"

ಬರೀ ಆ ಅಂಕಿಯಿಂದ ನನಗೇನೂ ತಿಳಿಯುವುದಿಲ್ಲ. ಸ್ವಿಟ್ಜರ್ಲೆಂಡಿನ ವಿಸ್ಪರ್‌ಟರ್ಮಿನೆನ್‌ನಲ್ಲಿ ಬಳ್ಳಿ ಸುಮಾರು 1,150 ಮೀಟರ್‌ವರೆಗೆ ಹತ್ತಿದೆ. ಯುರೋಪಿನ ಲೆಕ್ಕಕ್ಕೆ ಅದೇ ಭಾರಿ ಎತ್ತರ. ಅರ್ಜೆಂಟೀನಾದ ಸಾಲ್ಟಾದಲ್ಲಿ 3,000 ಮೀಟರ್ ದಾಟಿದ ತೋಟಗಳೇ ಇವೆ. ಸಮಭಾಜಕದಿಂದ ಎಷ್ಟು ದೂರ ಅನ್ನುವುದರ ಮೇಲೆ ಎಲ್ಲ ನಿಂತಿದೆ. ತಂಪು ರಾತ್ರಿಗೆ ಹಣ್ಣಿನ ಹುಳಿ ಉಳಿಯುತ್ತದೆ, ಬಿರುಬಿಸಿಲಿಗೆ ಸಿಪ್ಪೆ ದಪ್ಪವಾಗುತ್ತದೆ ಎನ್ನುವುದು ನಿಮಗೆ ಗೊತ್ತಿರುವುದೇ.

ನನ್ನ ತಲೆನೋವು ಬೇರೆ. 100 ಮೀಟರ್ ಮೇಲೆ ಹೋದರೆ ಸುಮಾರು 0.6 ಡಿಗ್ರಿ ತಂಪು ಎಂದು ಎಲ್ಲರೂ ಎಲ್ಲೋ ಓದಿರುತ್ತಾರೆ. ಹಾಗಾದರೆ ನಮ್ಮ ಜಮೀನಿನಲ್ಲಿ ಕೆಳಗಿನ ತುಂಡೇ ಬೆಚ್ಚಗೆ, ಅಲ್ಲೇ ನೆಡೋಣ ಅನ್ನುತ್ತಾರೆ. ಟ್ರ್ಯಾಕ್ಟರ್ ಕೂಡ ಆರಾಮಾಗಿ ಓಡುತ್ತದಲ್ಲ!

ಹಗಲಿಗೆ ಆ ಲೆಕ್ಕ ಸರಿ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಗೆ ಪೂರ್ತಿ ತಲೆಕೆಳಗು. ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಬಿಡುತ್ತದೆ. ಬೆಟ್ಟದ ಮೇಲಿನ ತೆಳು, ಒಣ ಗಾಳಿ ಅದನ್ನು ಹಿಡಿದಿಡುವುದಿಲ್ಲ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗುತ್ತದೆ. ಭಾರವಾದದ್ದು ನೀರಿನ ಹಾಗೆ ಇಳಿಜಾರಿನಲ್ಲಿ ಹರಿಯುತ್ತದೆ. ತಗ್ಗು ಸಿಕ್ಕಲ್ಲಿ ನಿಲ್ಲುತ್ತದೆ. ನಿಮ್ಮ ಸಮತಟ್ಟಾದ ಚಂದದ ತುಂಡು ಅಂದರೆ ಆ ಚಳಿಯ ಕೆರೆ. ಬೆಚ್ಚಗಿನ ಗಾಳಿ ಅದರ ಮೇಲೆ, ಇಳಿಜಾರಿನ ನಡುವಿನಲ್ಲಿ ಇರುತ್ತದೆ. ಇನ್ನೊಮ್ಮೆ ಹೇಳುತ್ತೇನೆ, ಬೇಜಾರಾಗಬೇಡಿ: ರಾತ್ರಿ ಕೆಳಗೆ ಚಳಿ, ನಡುವೆ ಬೆಚ್ಚಗೆ.

ಎಲೆ ಉದುರಿಸಿ ಮಲಗಿದ ಬಳ್ಳಿ ಮೈನಸ್ 10 ಡಿಗ್ರಿಯನ್ನೂ ತಾಳಿಕೊಳ್ಳುತ್ತದೆ. ವಸಂತದ ಎಳೆ ಚಿಗುರಿಗೆ ಮೈನಸ್ 2 ಸಾಕು. ಬಿಸಿನೀರು ಎರಚಿದ ಹಾಗೆ ಜೋತುಬಿದ್ದು ಕಪ್ಪಾಗುತ್ತದೆ.

ಒಬ್ಬರು ತಗ್ಗಿನಲ್ಲೇ ನೆಟ್ಟರು. ಸಾಲದ್ದಕ್ಕೆ ದನ ನುಗ್ಗದಿರಲಿ ಎಂದು ಕೆಳಗಿನ ಅಂಚಿಗೆ ದಟ್ಟ ಬೇಲಿಗಿಡ ಬೆಳೆಸಿದರು. ಹರಿದುಹೋಗಬೇಕಿದ್ದ ಚಳಿಗೆ ತಾವೇ ಅಣೆಕಟ್ಟು ಕಟ್ಟಿದ ಹಾಗಾಯಿತು. ಎರಡು ವರ್ಷ ಚಿಗುರು ಸುಟ್ಟಿತು. ನಾನು ಹೋಗಿ ಅರ್ಧ ಗಂಟೆ ವಿವರಿಸಿದೆ. ಪಕ್ಕದಲ್ಲಿ ನಿಂತಿದ್ದ ಕುರಿ ಕಾಯುವ ಅಜ್ಜ ನಕ್ಕುಬಿಟ್ಟರು. "ನಮ್ಮ ಕುರಿ ಯಾವತ್ತಾದರೂ ಆ ತಗ್ಗಿನಲ್ಲಿ ಮಲಗಿದ್ದು ನೋಡಿದ್ದೀರಾ?" ನನ್ನ ಫೀಸು ಅವರಿಗೇ ಹೋಗಬೇಕಿತ್ತು.

ಆದರೂ ಜಾಗ ನೋಡದೆ ನಾನು ಮಾತು ಕೊಡುವುದಿಲ್ಲ. ಶೀತಗಾಳಿಯೇ ಬೀಸಿ ಬಂದರೆ ಇಳಿಜಾರೂ ಕಾಪಾಡುವುದಿಲ್ಲ. ತೀರಾ ಮೇಲಕ್ಕೆ ಹೋದರೆ ಹಣ್ಣು ಮಾಗಲು ದಿನಗಳೇ ಸಾಲದೆ ಹೋಗಬಹುದು. ತಗ್ಗಿನಲ್ಲಿ ಈಗಾಗಲೇ ನೆಟ್ಟಿದ್ದರೆ ಬಳ್ಳಿ ಸವರುವುದನ್ನು ತಡ ಮಾಡಿ, ಚಿಗುರು ಕೆಲವು ದಿನ ಹಿಂದೆ ಬೀಳುತ್ತದೆ. ಸಾಲುಗಳ ನಡುವಿನ ಹುಲ್ಲು ಮೋಟು ಮಾಡಿ. ಇನ್ನೂ ನೆಟ್ಟಿಲ್ಲವಾದರೆ ತಗ್ಗಿನಲ್ಲೊಂದು, ನಡುವೆ ಒಂದು, ಮೇಲೊಂದು ಥರ್ಮಾಮೀಟರ್ ಕಟ್ಟಿ. ಚಿಗುರು ಬರುವ ಎತ್ತರಕ್ಕೆ ಕಟ್ಟಬೇಕು, ಮನೆ ಗೋಡೆಗಲ್ಲ. ಎರಡು ವಸಂತದ ಕನಿಷ್ಠ ತಾಪಮಾನ ಬರೆದಿಟ್ಟುಕೊಂಡು ಆಮೇಲೆ ಫೋನ್ ಮಾಡಿ. ಎತ್ತರವನ್ನು ಕೊನೆಗೆ ಹೇಳಿದರೂ ನಡೆಯುತ್ತದೆ.

ತಗ್ಗಿನಲ್ಲಿ ನೆಟ್ಟಿದ್ದ ಆ ರೈತರು ಬೇಲಿಯಲ್ಲಿ ಎರಡು ಕಡೆ ಅಗಲ ಕಿಂಡಿ ತೆಗೆದರು. ಮುಂದಿನ ವಸಂತ ಕೆಳಗಿನ ನಾಲ್ಕು ಸಾಲು ಮಾತ್ರ ಸುಟ್ಟವು. ಈಗ ಆ ನಾಲ್ಕು ಸಾಲನ್ನು ಕೀಳಿ ಎಂದರೆ ಕೇಳುತ್ತಿಲ್ಲ.