ಫರ್ಗ್ಯುಸನ್ ಜೊತೆ ಯಾರ್ಯಾರು ಹೋದರು?

ನಾನು ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುವವನು. ಅವರ ಅಪ್ಪಂದಿರು ಸಿಕ್ಕಾಗ ಒಂದು ಪ್ರಶ್ನೆ ಬಂದೇ ಬರುತ್ತದೆ: "ಸಾರ್, ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಏನಾಯ್ತು? ಫರ್ಗ್ಯುಸನ್ ಹೋದ್ರು, ಅಷ್ಟೇ ಅಲ್ವಾ?" ಅಷ್ಟೇ ಅಲ್ಲ. ಅವರ ಜೊತೆ ಇನ್ನೂ ಯಾರ್ಯಾರು ಹೋದರು ಅಂತ ನೋಡಬೇಕು.

ಅಲೆಕ್ಸ್ ಫರ್ಗ್ಯುಸನ್ ಇಂಗ್ಲೆಂಡಿನ ಈ ಕ್ಲಬ್‌ಗೆ ಮ್ಯಾನೇಜರ್ ಆಗಿ, ಅಂದರೆ ತಂಡದ ಮುಖ್ಯಸ್ಥರಾಗಿ ಬಂದಿದ್ದು 1986ರ ನವೆಂಬರ್‌ನಲ್ಲಿ, ನಿವೃತ್ತರಾಗಿದ್ದು 2013ರ ಮೇ ತಿಂಗಳಲ್ಲಿ. ಅಷ್ಟರಲ್ಲಿ 13 ಲೀಗ್ ಪ್ರಶಸ್ತಿ. ಕೊನೆಯ ವರ್ಷವೂ 11 ಪಾಯಿಂಟ್ ಅಂತರದಿಂದ ಗೆದ್ದರು. ಮರುವರ್ಷ ಹೆಚ್ಚುಕಡಿಮೆ ಅದೇ ತಂಡ 7ನೇ ಸ್ಥಾನಕ್ಕೆ ಬಿತ್ತು. ಹೊಸ ಮ್ಯಾನೇಜರ್ ಡೇವಿಡ್ ಮೋಯ್ಸ್ ಅವರಿಗೆ ಆರು ವರ್ಷದ ಕರಾರು ಕೊಟ್ಟಿದ್ದರು. ಹತ್ತು ತಿಂಗಳು ತುಂಬುವ ಮೊದಲೇ ತೆಗೆದುಹಾಕಿದರು.

ಫರ್ಗ್ಯುಸನ್ ದಿನಾ ತಾವೇ ನಿಂತು ತರಬೇತಿ ಕೊಡುತ್ತಿರಲಿಲ್ಲ. ಅದು ಸಹಾಯಕರ ಕೆಲಸ. ಫರ್ಗ್ಯುಸನ್ ಮೈದಾನದ ಅಂಚಿನಲ್ಲಿ ನಿಂತು ನೋಡುತ್ತಿದ್ದರು. ಯಾರ ಕಾಲು ಇವತ್ತು ಭಾರವಾಗಿದೆ, ಯಾರ ಮನಸ್ಸು ಇಲ್ಲಿಲ್ಲ ಅನ್ನುವುದು ಹಾಗೆ ನೋಡಿದರೇ ತಿಳಿಯುವುದು. ಕೊನೆಯ ವರ್ಷಗಳಲ್ಲಿ ಆ ತರಬೇತಿ ನಡೆಸುತ್ತಿದ್ದವರು ಮೈಕ್ ಫೀಲನ್ ಮತ್ತು ರೆನೆ ಮ್ಯೂಲೆನ್‌ಸ್ಟೀನ್. ಮೋಯ್ಸ್ ತಮ್ಮ ಹಿಂದಿನ ಕ್ಲಬ್ ಎವರ್ಟನ್‌ನಿಂದ ತಮ್ಮವರನ್ನು ಕರೆತಂದರು. ಫೀಲನ್, ಮ್ಯೂಲೆನ್‌ಸ್ಟೀನ್ ಇಬ್ಬರೂ ಹೊರಗೆ ಹೋದರು, ಗೋಲ್‌ಕೀಪಿಂಗ್ ಕೋಚ್ ಎರಿಕ್ ಸ್ಟೀಲ್ ಕೂಡ.

ನಂಬಿಕೆಯವರು ಪಕ್ಕದಲ್ಲಿರಲಿ ಅಂತ ಪ್ರತಿ ಕೋಚ್‌ಗೂ ಅನ್ನಿಸುತ್ತದೆ, ಅದು ನನಗೆ ಅರ್ಥವಾಗುತ್ತದೆ. ನಾನೂ ಒಮ್ಮೆ ಹಿರಿಯರೊಬ್ಬರ ಕೈಯಿಂದ ತಂಡ ವಹಿಸಿಕೊಂಡೆ. ಮೊದಲ ತಿಂಗಳು ಕೈ ಹಿಡಿದದ್ದು ಅವರ ಹಳೆಯ ಸಹಾಯಕ. "ಆ ಲೆಫ್ಟ್ ಬ್ಯಾಕ್ ಹುಡುಗನಿಗೆ ಎಲ್ಲರ ಮುಂದೆ ಬೈಬೇಡಿ ಸಾರ್, ಎರಡು ದಿನ ಕಾಲೇ ಏಳಲ್ಲ ಅವನಿಗೆ" ಅಂದರು. ಇಂಥದ್ದನ್ನು ಯಾರೂ ಬರೆದಿಟ್ಟಿರುವುದಿಲ್ಲ.

2014ರ ಫೆಬ್ರವರಿ 9ರ ಪಂದ್ಯವನ್ನು ನಾನು ನನ್ನ ಹುಡುಗರಿಗೆ ಮತ್ತೆ ಮತ್ತೆ ಹೇಳುತ್ತೇನೆ. ಯುನೈಟೆಡ್‌ನ ಮೈದಾನ ಓಲ್ಡ್ ಟ್ರ್ಯಾಫರ್ಡ್‌ಗೆ ಬಂದಿದ್ದು ಪಟ್ಟಿಯ ಕಟ್ಟಕಡೆಯಲ್ಲಿದ್ದ ಫುಲಂ. ಯುನೈಟೆಡ್ ಎರಡೂ ಅಂಚುಗಳಿಂದ 80ಕ್ಕೂ ಹೆಚ್ಚು ಕ್ರಾಸ್ (ಗೋಲಿನ ಮುಂದಕ್ಕೆ ಒದ್ದು ಕಳಿಸುವ ಚೆಂಡು) ಹಾಕಿತು. ಎದುರಾಳಿಗಳು ಗೋಲಿನ ಮುಂದೆ ಒತ್ತಾಗಿ ನಿಂತು ಹೆಚ್ಚಿನವನ್ನೆಲ್ಲ ತಲೆಯಿಂದಲೇ ಹೊರಗಟ್ಟಿದರು. ಒಂದು ದಾರಿ ಮುಚ್ಚಿದ್ದರೆ ಚೆಂಡನ್ನು ಮಧ್ಯಕ್ಕೆ ತಂದು ಎದುರಾಳಿಯನ್ನು ಎಳೆದು ಜಾಗ ಮಾಡಬೇಕು. ಅದು ದಿನಾ ಅಭ್ಯಾಸದಿಂದ ಬರುವಂಥದ್ದು. ಕೊನೆಯ ನಿಮಿಷದಲ್ಲಿ ಫುಲಂ ಗೋಲು ಹೊಡೆದು 2-2 ಮಾಡಿತು. ಅವತ್ತು ಫುಲಂ ಮ್ಯಾನೇಜರ್ ಯಾರು ಗೊತ್ತಾ? ಅದೇ ಮ್ಯೂಲೆನ್‌ಸ್ಟೀನ್.

ಕಚೇರಿಯಲ್ಲೂ ಇದೇ ಕಥೆ. ಚೀಫ್ ಎಕ್ಸಿಕ್ಯೂಟಿವ್ ಡೇವಿಡ್ ಗಿಲ್ ಅದೇ ಬೇಸಿಗೆಯಲ್ಲಿ ಹೊರಟರು. ಅವರ ಜಾಗಕ್ಕೆ ಬ್ಯಾಂಕಿಂಗ್ ಹಿನ್ನೆಲೆಯ ಎಡ್ ವುಡ್‌ವರ್ಡ್. ಎವರ್ಟನ್‌ನ ಆಟಗಾರ ಫೆಲೈನಿಯ ಕರಾರಿನಲ್ಲಿ ಬಿಡುಗಡೆ ಬೆಲೆ ನಿಗದಿಯಾಗಿತ್ತು, ಅಷ್ಟು ಕೊಟ್ಟರೆ ಎವರ್ಟನ್ ಅವರನ್ನು ಬಿಡಲೇಬೇಕಿತ್ತು; ಅದರ ಗಡುವು ಜುಲೈಗೆ ಮುಗಿಯಿತು. ಆಟಗಾರರನ್ನು ಕೊಳ್ಳಬಹುದಾದ ಕಡೆಯ ದಿನ ಅದಕ್ಕಿಂತ ಜಾಸ್ತಿ, 2.75 ಕೋಟಿ ಪೌಂಡ್ ತೆತ್ತು ತಂದರು. ಆಟಗಾರರ ಖರೀದಿಯಂಥದ್ದನ್ನು ನೋಡಿಕೊಳ್ಳಲು ಫುಟ್‌ಬಾಲ್ ಡೈರೆಕ್ಟರ್ ಅಂತ ಒಬ್ಬರನ್ನು ನೇಮಿಸಿದ್ದು 2021ರಲ್ಲಿ!

ಈ ಕುಸಿತದಲ್ಲಿ ಫರ್ಗ್ಯುಸನ್ ಅವರ ಪಾಲೂ ಇದೆ. 1995ರಲ್ಲಿ ಅವರು ಇನ್ಸ್, ಹ್ಯೂಸ್, ಕಾಂಚೆಲ್‌ಸ್ಕಿಸ್‌ರಂಥವರನ್ನು ಕಳಿಸಿ ಬೆಕ್‌ಹ್ಯಾಮ್, ಸ್ಕೋಲ್ಸ್‌ರಂಥ ಹುಡುಗರನ್ನು ನಿಲ್ಲಿಸಿದ್ದರು. 2012ರಲ್ಲಿ 29 ವರ್ಷದ ವಾನ್ ಪರ್ಸಿಯನ್ನು ತಂದು ಇನ್ನೊಂದು ಲೀಗ್ ಗೆದ್ದರು. ಆದರೆ ರಕ್ಷಣೆಯಲ್ಲಿ ಆಡುತ್ತಿದ್ದ ಫರ್ಡಿನಂಡ್, ವಿಡಿಚ್, ಎವ್ರಾ ಮೂವರಿಗೂ ಮೂವತ್ತು ದಾಟಿತ್ತು. 2014ರ ಬೇಸಿಗೆಯಲ್ಲಿ ಮೂವರೂ ಹೋದರು. ರಕ್ಷಣೆಯ ಬೆನ್ನೆಲುಬೇ ಖಾಲಿ.

ಮೋಯ್ಸ್ ನಂತರ ಮ್ಯಾನೇಜರ್ ಆಗಿ ವಾನ್ ಗಾಲ್, ಮೊರಿನ್ಯೊ, ಸೋಲ್ಶಾರ್, ಟೆನ್ ಹಾಗ್, ಅಮೊರಿಮ್. ಒಬ್ಬೊಬ್ಬರದು ಒಂದೊಂದು ಆಟ. ಒಬ್ಬರಿಗೆ ಬೇಕಾದ ಆಟಗಾರ ಮುಂದಿನವರಿಗೆ ಹೊರೆ. ಕಪ್‌ಗಳು ಬಂದವು, ಲೀಗ್ ಬರಲಿಲ್ಲ. 2024-25ರಲ್ಲಿ 15ನೇ ಸ್ಥಾನ.

ಲಿವರ್‌ಪೂಲ್ ನೋಡಿ. 1974ರಲ್ಲಿ ಬಿಲ್ ಶ್ಯಾಂಕ್ಲಿ ಬಿಟ್ಟಾಗ ಅವರ ಪಕ್ಕದಲ್ಲೇ ವರ್ಷಗಟ್ಟಲೆ ದುಡಿದ ಬಾಬ್ ಪೇಸ್ಲಿಗೆ ತಂಡ ಕೊಟ್ಟರು. ಉಳಿದ ಕೋಚ್‌ಗಳೂ ಅಲ್ಲೇ ಇದ್ದರು. ಪೇಸ್ಲಿ ಮೂರು ಯುರೋಪಿಯನ್ ಕಪ್ ಗೆದ್ದರು.

2018ರ ಡಿಸೆಂಬರ್‌ನಲ್ಲಿ ಸೋಲ್ಶಾರ್ ಬಂದಾಗ ಮೈಕ್ ಫೀಲನ್‌ರನ್ನು ವಾಪಸ್ ಕರೆಸಿದರು. ಮೊದಲ ಎಂಟು ಪಂದ್ಯವನ್ನೂ ತಂಡ ಗೆದ್ದಿತು. ಆದರೆ ಫೀಲನ್‌ಗೆ ಒಳಗೂ ಹೊರಗೂ ಗೊತ್ತಿದ್ದ ಆ ಹಳೆಯ ತಂಡದಲ್ಲಿ ಅಷ್ಟೊತ್ತಿಗೆ ಉಳಿದವರು ಬೆರಳೆಣಿಕೆಯಷ್ಟು ಮಾತ್ರ.