ಒಂದು ಚುಕ್ಕಿಯ ಮುನಿಸು

‘ಸರಿ.’

ಈ ಉತ್ತರದಲ್ಲಿ ಕೋಪ ಇದೆಯೇ? ಕೆಲವರಿಗೆ ಎದ್ದು ಕಾಣುತ್ತದೆ. ಕೆಲವರಿಗೆ ಈ ಪ್ರಶ್ನೆಯೇ ಅರ್ಥವಾಗುವುದಿಲ್ಲ.

ಒಂದು ಆನ್‌ಲೈನ್ ಕೋರ್ಸನ್ನು ಊಹಿಸಿಕೊಳ್ಳಿ. ಒಂದೇ ತಂಡದಲ್ಲಿ ಇಪ್ಪತ್ತೆರಡರ ಹುಡುಗಿ ಇದ್ದಾಳೆ, ಅರವತ್ತರ ಹತ್ತಿರದ ಒಬ್ಬರು ಇದ್ದಾರೆ. ಮುಖ ನೋಡಿದ್ದಿಲ್ಲ, ಚಾಟ್‌ನಲ್ಲಷ್ಟೇ ಪರಿಚಯ. ‘ಪ್ರಾಜೆಕ್ಟಿನ ಎರಡನೇ ಭಾಗ ನಾನು ಬರೀಲಾ’ ಎಂದು ಅವಳು ಕೇಳಿದಳು. ‘ಸರಿ.’ ಎಂದು ಅವರು ಬರೆದರು. ವಾಕ್ಯ ಮುಗಿದರೆ ಚುಕ್ಕಿ ಇಡಬೇಕು, ಇಟ್ಟರು. ಅವಳಿಗೆ ಮಾತ್ರ ‘ಏನಾದ್ರೂ ಮಾಡ್ಕೋ ಹೋಗು’ ಎಂದಂತೆ ಕೇಳಿಸಿತು.

ಇದು ಅವಳೊಬ್ಬಳ ಸೂಕ್ಷ್ಮ ಸ್ವಭಾವ ಎಂದು ತಳ್ಳಿಹಾಕುವ ಹಾಗಿಲ್ಲ. ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಸೆಲಿಯಾ ಕ್ಲಿನ್ ಮತ್ತು ಸಂಗಡಿಗರು 126 ವಿದ್ಯಾರ್ಥಿಗಳಿಗೆ ಪುಟ್ಟ ಪುಟ್ಟ ಸಂಭಾಷಣೆಗಳನ್ನು ಓದಲು ಕೊಟ್ಟರು. ಒಂದೇ ಪದದ ಉತ್ತರ. ಕೆಲವಕ್ಕೆ ಕೊನೆಯಲ್ಲಿ ಚುಕ್ಕಿ ಇತ್ತು, ಕೆಲವಕ್ಕೆ ಇರಲಿಲ್ಲ. ಫೋನ್ ಸಂದೇಶದ ರೂಪದಲ್ಲಿದ್ದಾಗ ಚುಕ್ಕಿ ಇದ್ದ ಉತ್ತರ ಅಷ್ಟು ಮನಸಾರೆ ಹೇಳಿದ್ದಲ್ಲ ಎಂದು ಓದುಗರಿಗೆ ಅನ್ನಿಸಿತು. ಅದನ್ನೇ ಕೈಬರಹದ ಚೀಟಿಯಾಗಿ ತೋರಿಸಿದಾಗ ಚುಕ್ಕಿಯಿಂದ ಏನೂ ವ್ಯತ್ಯಾಸವಾಗಲಿಲ್ಲ. 2015ರಲ್ಲಿ ಬಂದ ಈ ಅಧ್ಯಯನದಲ್ಲಿ ನನಗೆ ಹಿಡಿಸಿದ್ದು ಈ ಎರಡನೆಯ ಭಾಗವೇ. ಓದಿದವರೆಲ್ಲ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಚುಕ್ಕಿಯೂ ಅದೇ. ಬದಲಾಗಿದ್ದು ಅದು ಕೂತ ಜಾಗ.

ಕಾಗದದ ಮೇಲೆ ಒಂದು ವಾಕ್ಯ ಎಲ್ಲಿ ಮುಗಿಯಿತು ಎಂದು ಹೇಳಲು ಚುಕ್ಕಿ ಬೇಕೇ ಬೇಕು. ಚಾಟ್‌ನಲ್ಲಿ ಆ ಕೆಲಸವನ್ನು ‘ಕಳಿಸು’ ಗುಂಡಿಯೇ ಮಾಡಿಬಿಡುತ್ತದೆ. ಚುಕ್ಕಿಗೆ ಕೆಲಸ ಹೋಯಿತು. ಕೆಲಸವಿಲ್ಲದಿದ್ದರೂ ಅದು ಬಂದು ಕೂತಿದೆ ಅಂದರೆ, ಯಾರೋ ಬೇಕೆಂದೇ ಇಟ್ಟಿರಬೇಕು ಅಲ್ವಾ? ಚಾಟ್‌ನಲ್ಲೇ ಬರವಣಿಗೆ ಪಳಗಿಸಿಕೊಂಡವರ ಲೆಕ್ಕ ಇದು. ಕಾಗದದ ಮೇಲೆ ಪಳಗಿದವರಿಗೆ ಚುಕ್ಕಿ ಇಡದಿರುವುದೇ ಸೋಮಾರಿತನ.

ಸಾಲುಚುಕ್ಕಿಯ ಕಥೆಯೂ ಹೀಗೇ. ‘ನಿಮ್ಮ ಭಾಗ ಓದಿದೆ... ಚೆನ್ನಾಗಿದೆ... ನಾಳೆ ಮಾತಾಡೋಣ...’ ಎಂದು ಹಿರಿಯರು ಬರೆಯುತ್ತಾರೆ. ಅವರು ಬರೆದು ಪಳಗಿದ ಅಂಚೆ ಕಾರ್ಡಿನಲ್ಲಿ ಜಾಗ ಕಡಿಮೆ. ಒಂದೊಂದು ಮಾತಿಗೂ ಹೊಸ ಸಾಲು ಹಿಡಿದರೆ ಉಭಯ ಕುಶಲೋಪರಿಯಲ್ಲೇ ಕಾರ್ಡು ಮುಗಿಯುತ್ತದೆ. ಹಾಗಾಗಿ ಮಾತಿಗೂ ಮಾತಿಗೂ ನಡುವೆ ಚುಕ್ಕಿಗಳು. ಕಿರಿಯರ ಕಣ್ಣಿಗೆ ಅದು ನುಂಗಿಕೊಂಡ ಮಾತು. ‘ಚೆನ್ನಾಗಿದೆ... ಆದರೆ?’

ಕಿರಿಯರು ಇದನ್ನೇ ಬೇರೆ ಥರ ಮಾಡುತ್ತಾರೆ. ‘ಒಂದು ಡೌಟು’, ‘ಮೂರನೇ ಪಾಠದಲ್ಲಿ’, ‘ಗ್ರಾಫ್ ಇದೆಯಲ್ಲ’, ‘ಅದೇ’. ನಾಲ್ಕು ಸಂದೇಶ, ನಾಲ್ಕು ಸಲ ಟಿಂಗ್. ಒಟ್ಟಿಗೆ ಹೇಳಬಾರದಾ ಎಂದು ಹಿರಿಯರು ಗೊಣಗುತ್ತಾರೆ. ಆ ಗೊಣಗಾಟಕ್ಕೂ ಒಂದು ಚರಿತ್ರೆ ಇದೆ. ಮೊದಲ ಎಸ್‌ಎಂಎಸ್ ಹೋಗಿದ್ದು 1992ರ ಡಿಸೆಂಬರ್ 3ರಂದು. ಒಂದು ಎಸ್‌ಎಂಎಸ್ ಅಂದರೆ ಹೆಚ್ಚೆಂದರೆ 160 ಇಂಗ್ಲಿಷ್ ಅಕ್ಷರ. ಮುಂದೆ ಎಷ್ಟೋ ವರ್ಷ ಒಂದೊಂದು ಸಂದೇಶಕ್ಕೂ ದುಡ್ಡು ಕೊಡಬೇಕಿತ್ತು. ಆ ಕಾಲದಲ್ಲಿ ಬೆರಳು ಪಳಗಿಸಿದವರು ಇದ್ದಬದ್ದದ್ದನ್ನೆಲ್ಲ ಒಂದೇ ಸಂದೇಶಕ್ಕೆ ತುರುಕುತ್ತಿದ್ದರು. ಈಗ ದುಡ್ಡಿಲ್ಲ, ಅಕ್ಷರದ ಮಿತಿಯೂ ಇಲ್ಲ, ಅಭ್ಯಾಸ ಮಾತ್ರ ಉಳಿದಿದೆ.

ಇನ್ನು ಮೌನ. ಎದುರಾಎದುರು ಮಾತಾಡುವಾಗ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಬಿಡುವು ತೀರಾ ಚಿಕ್ಕದು. 2009ರಲ್ಲಿ ಹತ್ತು ಭಾಷೆಗಳ ಮಾತುಕತೆ ಅಳೆದು ನೋಡಿದಾಗ ಅದು ಸರಾಸರಿ ಒಂದು ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸಿನಲ್ಲಿತ್ತು. ಚಾಟ್ ನೋಡಲು ಬರಹ, ನಡೆಯುವುದು ಮಾತಿನ ಹಾಗೆ. ಅದನ್ನು ಮಾತು ಎಂದುಕೊಂಡವರಿಗೆ, ಓದಿದ ಗುರುತು ಬಿದ್ದು ಹತ್ತು ನಿಮಿಷ ಉತ್ತರ ಬರದಿದ್ದರೆ ಏನೋ ಆಗಿದೆ. ಅದನ್ನು ಪತ್ರ ಎಂದುಕೊಂಡವರು ರಾತ್ರಿ ಊಟ ಮುಗಿಸಿ, ಕನ್ನಡಕ ಹುಡುಕಿ, ನಿಧಾನವಾಗಿ ಉತ್ತರ ಬರೆಯುತ್ತಾರೆ. ಇಬ್ಬರದೂ ತಪ್ಪಿಲ್ಲ.

ಹಾಗಾದರೆ ಒಂದೇ ವಯಸ್ಸಿನವರ ನಡುವೆ ಎಲ್ಲ ಸಲೀಸಾಗಿ ಅರ್ಥವಾಗುತ್ತದೆಯೇ? ಇಲ್ಲ. ಮನೋವಿಜ್ಞಾನಿಗಳಾದ ಜಸ್ಟಿನ್ ಕ್ರೂಗರ್ ಮತ್ತು ನಿಕೋಲಸ್ ಎಪ್ಲಿ ತಂಡ 2005ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ವಿದ್ಯಾರ್ಥಿಗಳು ಒಬ್ಬರಿಗೊಬ್ಬರು ಇಮೇಲಿನಲ್ಲೋ ದನಿಯಲ್ಲೋ ಕೆಲವು ಮಾತು ಕಳಿಸಿದರು, ಕೆಲವು ವ್ಯಂಗ್ಯ, ಕೆಲವು ನಿಜವಾದದ್ದು. ಶೇ. 78ರಷ್ಟು ಸಲ ಸರಿಯಾಗಿ ಗುರುತಿಸುತ್ತಾರೆ ಎಂದು ಕಳಿಸಿದವರು ನಂಬಿದ್ದರು. ದನಿಯಲ್ಲಿ ಕೇಳಿದವರು ಹೆಚ್ಚುಕಡಿಮೆ ಅಷ್ಟೇ ಗುರುತಿಸಿದರು. ಇಮೇಲ್ ಓದಿದವರು ಗುರುತಿಸಿದ್ದು ಶೇ. 56. ನಾಣ್ಯ ಚಿಮ್ಮಿದ್ದರೂ ಐವತ್ತು ಬರುತ್ತಿತ್ತು! ಬರೆಯುವಾಗ ನಮ್ಮ ದನಿ ನಮ್ಮ ತಲೆಯೊಳಗೆ ಕೇಳಿಸುತ್ತಿರುತ್ತದೆ. ಅದು ಸಂದೇಶದ ಜೊತೆ ಹೋಗುವುದಿಲ್ಲ ಎನ್ನುವುದೇ ನೆನಪಿರುವುದಿಲ್ಲ.

ಈ ಕಂದಕ ಮುಚ್ಚಲೆಂದೇ ನಗುಮುಖ ಹುಟ್ಟಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಕಾಟ್ ಫಾಲ್‌ಮನ್ 1982ರ ಸೆಪ್ಟೆಂಬರ್ 19ರಂದು, ತಮಾಷೆಯ ಮಾತಿನ ಮುಂದೆ :-) ಎಂದು ಹಾಕೋಣ ಎಂದು ಸೂಚಿಸಿದರು. ಅವರು ಹುಟ್ಟಿದ್ದು 1948ರಲ್ಲಿ. ಸ್ಮೈಲಿ ಅಂದರೆ ಈಗಿನ ಮಕ್ಕಳ ಆಟ ಎನ್ನುವವರಿಗೆ ಇದನ್ನು ಸುಮ್ನೆ ಹೇಳಿ ನೋಡಿ. ಆದರೆ ಚಿತ್ರ ಬಂದ ಮಾತ್ರಕ್ಕೆ ಗೊಂದಲ ತೀರಲಿಲ್ಲ. ಹೆಬ್ಬೆರಳು ಎತ್ತಿದ ಗುರುತು ಒಬ್ಬರಿಗೆ ‘ಭೇಷ್’, ಇನ್ನೊಬ್ಬರಿಗೆ ‘ಮಾತು ಸಾಕು’. ಕೆನಡಾದಲ್ಲಿ ಒಬ್ಬ ರೈತ ಅಗಸೆ ಖರೀದಿಯ ಕರಾರಿಗೆ ಆ ಗುರುತು ಕಳಿಸಿ, ‘ಕರಾರು ಬಂದು ತಲುಪಿತು ಎಂದಷ್ಟೇ ನನ್ನ ಅರ್ಥ’ ಎಂದ. ಕೋರ್ಟು ಒಪ್ಪಲಿಲ್ಲ. ಅದು ಸಹಿಗೆ ಸಮ ಎಂದು 2023ರಲ್ಲಿ ತೀರ್ಪು ಕೊಟ್ಟು, ಸುಮಾರು 82,000 ಕೆನಡಾ ಡಾಲರ್ ಕಟ್ಟಿಸಿತು.

ಇಷ್ಟೆಲ್ಲ ನೋಡಿದರೆ ‘ತಲೆಮಾರು’ ಎಂಬ ಮಾತನ್ನೇ ಸ್ವಲ್ಪ ಅನುಮಾನದಿಂದ ನೋಡಬೇಕು ಅನ್ನಿಸುತ್ತದೆ. 2001ರಲ್ಲಿ ಅಮೆರಿಕದ ಲೇಖಕ ಮಾರ್ಕ್ ಪ್ರೆನ್ಸ್ಕಿ ಕಿರಿಯರನ್ನು ಡಿಜಿಟಲ್ ಲೋಕದ ಮೂಲನಿವಾಸಿಗಳು, ಹಿರಿಯರನ್ನು ವಲಸಿಗರು ಎಂದು ಕರೆದರು. ಹೆಸರು ಚುರುಕಾಗಿತ್ತು, ಓಡಿತು. ಅದಕ್ಕೆ ಗಟ್ಟಿ ಪುರಾವೆ ಇಲ್ಲ ಎಂದು 2008ರಲ್ಲಿ ಸ್ಯೂ ಬೆನೆಟ್ ಮತ್ತಿತರ ಸಂಶೋಧಕರು ತೋರಿಸಿದರು. ಹೆಸರು ಇನ್ನೂ ಓಡುತ್ತಲೇ ಇದೆ.

ತೊಡಕು ಇರುವುದು ಲೆಕ್ಕದಲ್ಲೇ. ಇಪ್ಪತ್ತರವರು ಆನ್‌ಲೈನ್ ತರಗತಿಯಲ್ಲಿ ಕ್ಯಾಮೆರಾ ಹಾಕುವುದಿಲ್ಲ ಎನ್ನೋಣ. ಅದು ಆ ವಯಸ್ಸಿನ ಸಂಕೋಚವೇ? ಈ ಕಾಲದಲ್ಲಿ ಎಲ್ಲರಿಗೂ ವಿಡಿಯೋ ಸಾಕಾಗಿದೆಯೇ? ಅಥವಾ ಅವರು ಹುಟ್ಟಿದ ವರ್ಷಗಳೇ ಹಾಗೆಯೇ? ಈ ವರ್ಷದಿಂದ ಹುಟ್ಟಿದ ವರ್ಷ ಕಳೆದರೆ ವಯಸ್ಸು. ಎರಡು ಗೊತ್ತಾದರೆ ಮೂರನೆಯದು ತಾನಾಗಿ ನಿಂತುಬಿಡುತ್ತದೆ. ಹಾಗಾಗಿ ಬರೀ ಅಂಕಿಅಂಶದಿಂದ ಮೂರನ್ನೂ ಬಿಡಿಸಲು ಬರುವುದಿಲ್ಲ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2020ರ ವರದಿಯಲ್ಲಿ, ಉದ್ಯೋಗಿಗಳನ್ನು ತಲೆಮಾರಿನ ಹಣೆಪಟ್ಟಿಯಿಂದ ಅಳೆಯಲು ಸರಿಯಾದ ಆಧಾರವಿಲ್ಲ ಎಂದವು. ಆ ಹಣೆಪಟ್ಟಿಗಳನ್ನು ಧಾರಾಳವಾಗಿ ಬಳಸುತ್ತಿದ್ದ ಅಲ್ಲಿನ ಜನಾಭಿಪ್ರಾಯ ಸಮೀಕ್ಷೆಯ ಸಂಸ್ಥೆ ಪ್ಯೂ ಸಂಶೋಧನಾ ಕೇಂದ್ರವೂ 2023ರಲ್ಲಿ ಇನ್ನು ಮುಂದೆ ಎಚ್ಚರ ವಹಿಸುವುದಾಗಿ ಹೇಳಿತು.

ವಯಸ್ಸಿನ ಪ್ರಭಾವವೇ ಇಲ್ಲ ಎಂದಲ್ಲ. ಮನಸ್ಸಿನ ಸಾಮರ್ಥ್ಯ ಅಧ್ಯಯನ ಮಾಡುವ ಜೋಶುವಾ ಹಾರ್ಟ್‌ಶಾರ್ನ್ ಮತ್ತು ಲಾರಾ ಜರ್ಮೈನ್ 2015ರಲ್ಲಿ ತೋರಿಸಿದ ಹಾಗೆ, ಕಂಡದ್ದನ್ನು ಚಕಚಕನೆ ಗ್ರಹಿಸುವ ವೇಗ ಹದಿನೆಂಟು, ಹತ್ತೊಂಬತ್ತರ ಸುಮಾರಿಗೇ ತುದಿ ಮುಟ್ಟುತ್ತದೆ. ಪದಸಂಪತ್ತು ಅರವತ್ತು ದಾಟುವವರೆಗೂ ಬೆಳೆಯುತ್ತದೆ. ಪಾಠದ ಪಕ್ಕದಲ್ಲಿ ದಡದಡ ಓಡುವ ಚಾಟ್ ಯಾರಿಗೆ ಅನುಕೂಲ ಎಂದು ಬೇರೆ ಹೇಳಬೇಕಿಲ್ಲ. ಎರಡು ದಿನ ಸಮಯ ಕೊಟ್ಟು ಬರೆಯಲು ಹೇಳಿದರೆ ತಕ್ಕಡಿ ಇನ್ನೊಂದು ಕಡೆ ವಾಲಬಹುದು.

ಆ ಹುಡುಗಿಯ ವಿಷಯಕ್ಕೆ ಬರೋಣ. ಅದೇ ದಿನ ಸಂಜೆ ಅವಳು ಒಂದು ಕೆಲಸಕ್ಕೆ ಅರ್ಜಿ ಬರೆಯಲು ಕೂತರೆ ಪ್ರತಿ ವಾಕ್ಯಕ್ಕೂ ಚುಕ್ಕಿ ಇಡುತ್ತಾಳೆ. ಆ ಹಿರಿಯರೂ ಮೊಮ್ಮಗಳಿಗೆ ಬರೆಯುವಾಗ ಚುಕ್ಕಿ ಬಿಟ್ಟು ಮೂರು ಹೃದಯ ಕಳಿಸುತ್ತಾರೆ. ಇಬ್ಬರಿಗೂ ಎರಡೂ ಬರುತ್ತದೆ. ಕೋರ್ಸಿನ ಚಾಟ್ ಇದರಲ್ಲಿ ಯಾವುದು ಎಂದು ಮಾತ್ರ ಅವರಿಗೆ ಯಾರೂ ಹೇಳಿಲ್ಲ.